ಬೋಟಿನ ಎಂಜಿನ್ ಕಾರಿಗೆ ಒಗ್ಗುವುದೆಷ್ಟು?

ಮೋಜಿನ ಬೋಟುಗಳಲ್ಲಿರುವ ಪೆಟ್ರೋಲ್ ಎಂಜಿನ್‌ಗಳಲ್ಲಿ ಬಹಳಷ್ಟು ಹುಟ್ಟಿನಿಂದ ಕಾರಿನವೇ. 1955ರಲ್ಲಿ ಷೆವರ್ಲೆ ಕಾರುಗಳಿಗೆಂದು ಬಂದ ಸ್ಮಾಲ್ ಬ್ಲಾಕ್ ವಿ8 (ಎಂಟು ಸಿಲಿಂಡರಿನ ಎಂಜಿನ್) ಮುಂದೆ ಮರ್ಕ್ರೂಸರ್ ಎಂಬ ಬೋಟ್ ಎಂಜಿನ್ ಬ್ರಾಂಡಿನ ಹೆಸರಿನಲ್ಲಿ ಅಸಂಖ್ಯ ಬೋಟುಗಳನ್ನು ಸೇರಿತು. ವೋಲ್ವೋದ ಬಿ18, ಬಿ20 ಕಾರ್ ಎಂಜಿನ್‌ಗಳನ್ನು ಬೋಟ್ ಎಂಜಿನ್ ತಯಾರಿಸುವ ಅದರದೇ ಪೆಂಟಾ ವಿಭಾಗ ನೀರಿಗಿಳಿಸಿತು. ಹಾಗಾಗಿ ಹಳೆಯ ಕಾರುಗಳಿಗೆ ಜೀವ ಕೊಡುವ ಹವ್ಯಾಸಿಗಳಿಗೆ, ಮೂಲೆಗೆ ಸೇರಿದ ಬೋಟಿನ ಎಂಜಿನ್ ಕಂಡರೆ ಆಸೆಯಾಗುವುದು ಸಹಜ.

ಬ್ಲಾಕ್, ಸಿಲಿಂಡರ್ ಹೆಡ್, ಕನೆಕ್ಟಿಂಗ್ ರಾಡ್ ಇವೆಲ್ಲ ಸಾಮಾನ್ಯವಾಗಿ ತಕರಾರಿಲ್ಲದೆ ಕೂರುತ್ತವೆ. ತೊಡಕು ಶುರುವಾಗುವುದು ಎಂಜಿನ್ ಹೊರಜಗತ್ತನ್ನು ಮುಟ್ಟುವ ಕಡೆಗಳಲ್ಲಿ.

ತಂಪು ಮಾಡುವ ವ್ಯವಸ್ಥೆಯನ್ನೇ ನೋಡಿ. ಅನೇಕ ಬೋಟುಗಳಲ್ಲಿ ಸಮುದ್ರದ ನೀರೇ ನೇರವಾಗಿ ಎಂಜಿನ್ನಿನೊಳಗೆ ಹರಿದು ಹೊರಬೀಳುತ್ತದೆ. ಬಿಸಿ ಹೆಚ್ಚಾದರೆ ಲವಣಗಳು ಒಳಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಅಲ್ಲಿನ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರಿನ ಹರಿವಿಗೆ ದಾರಿ ತೆರೆಯುವ ಕವಾಟ) ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ತೆರೆದುಕೊಳ್ಳುತ್ತದೆ. ಕಾರಿನ ಎಂಜಿನ್ ಓಡಬೇಕಾದದ್ದು 90ರ ಆಸುಪಾಸಿನಲ್ಲಿ. ಆ ಥರ್ಮೋಸ್ಟಾಟನ್ನು ಹಾಗೆಯೇ ಬಿಟ್ಟರೆ ಎಂಜಿನ್ ಕಾದಿತೆಂಬ ಭಯವಿಲ್ಲ, ನಿಜ. ಆದರೆ ಸದಾ ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಆಯಿಲ್‌ಗೆ ಇಳಿಯುತ್ತದೆ, ತೇವಾಂಶ ಒಳಗೇ ಉಳಿಯುತ್ತದೆ, ಆಯಿಲ್ ಕ್ರಮೇಣ ಕೆಸರಾಗುತ್ತದೆ. ಸುತ್ತಲೂ ನೀರು ಹರಿಯುವ ಭಾರದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆಯನ್ನು ಹೊರಗೊಯ್ಯುವ ಕೊಳವೆಗಳ ಜೋಡಣೆ), ಸಮುದ್ರದ ನೀರೆಳೆಯುವ ರಬ್ಬರ್ ಇಂಪೆಲರ್ ಪಂಪು ಕಾರಿಗೆ ಬೇಡವೇ ಬೇಡ.

ಗಾಳಿಯದು ಇನ್ನೊಂದು ಕಥೆ. ಗಾಳಿಗೆ ಪೆಟ್ರೋಲ್ ಬೆರೆಸುವ ಬೋಟಿನ ಕಾರ್ಬ್ಯುರೇಟರ್ ಮೇಲೆ ಕೂರುವುದು ಏರ್ ಫಿಲ್ಟರ್ ಅಲ್ಲ, ಒಳಗಿನ ಬೆಂಕಿ ಹೊರಚಿಮ್ಮದಂತೆ ತಡೆಯುವ ಲೋಹದ ಜಾಲರಿ. ನಡುನೀರಿನಲ್ಲಿ ದೂಳೆಲ್ಲಿಂದ ಬರಬೇಕು? ರಸ್ತೆಯಲ್ಲಿ ಅದೇ ಜಾಲರಿಯನ್ನು ನಂಬಿದರೆ ಪಿಸ್ಟನ್ ರಿಂಗುಗಳು ಬೇಗನೆ ಸವೆಯುತ್ತವೆ.

ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಮತ್ತು ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಮಾತ್ರ ಉದಾರಿಗಳು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಬೋಟಿನ ತಳದಲ್ಲಿ ಅದು ಶೇಖರವಾಗಿ ಒಂದು ಕಿಡಿಗೆ ಸಿಡಿಯಬಹುದು. ಅದಕ್ಕಾಗಿಯೇ ಇವುಗಳ ಕಿಡಿ ಹೊರಗಿನ ಆವಿಗೆ ತಾಗದಂತೆ ಕಟ್ಟಿರುತ್ತಾರೆ. ಹೊಂದುವ ಮಾದರಿಯಾದರೆ ಕಾರಿಗೆ ಹಾಕಲು ಅಡ್ಡಿಯಿಲ್ಲ. ಕಾರಿನದನ್ನು ತಂದು ಬೋಟಿಗೆ ಹಾಕುವುದು ಮಾತ್ರ ಜೀವಕ್ಕೆ ಅಪಾಯ.

ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆದು ಮುಚ್ಚುವ ದಂಡ) ಕೂಡ ಯೋಚಿಸಿ ಇಟ್ಟುಕೊಳ್ಳಬಹುದಾದದ್ದು. ಬೋಟಿನಲ್ಲಿ ಹೊಗೆಯ ಜೊತೆ ನೀರೂ ಹೊರಹೋಗುವುದರಿಂದ, ಆ ನೀರು ಹಿಮ್ಮುಖವಾಗಿ ಸಿಲಿಂಡರಿಗೆ ನುಗ್ಗದಂತೆ, ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಅವಧಿಯನ್ನು ಕಿರಿದು ಮಾಡಿರುತ್ತಾರೆ. ಪರಿಣಾಮವಾಗಿ ಕಡಿಮೆ ವೇಗದಲ್ಲಿ ಎಂಜಿನ್ ನಯವಾಗಿ ಎಳೆಯುತ್ತದೆ, ಭಾರ ಹೊರುವ ಗಾಡಿಗೆ ಇದು ಹೇಳಿ ಮಾಡಿಸಿದಂತಿರುತ್ತದೆ. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಮಾತ್ರ ಬದಲಿಸಿ: ಬೋಟಿನದಕ್ಕೆ ಸಾಮಾನ್ಯವಾಗಿ ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ ಮೇಲೆ ಹೊರೆ ಕಡಿಮೆಯಿದ್ದಾಗ ಕಿಡಿಯನ್ನು ಬೇಗ ಹಾರಿಸುವ ಸಾಧನ) ಇರುವುದಿಲ್ಲ, ಹಾಗಾಗಿ ಹಗುರವಾಗಿ ಸಾಗುವಾಗ ಕಾರು ಪೆಟ್ರೋಲನ್ನು ದಂಡವಾಗಿ ಕುಡಿಯುತ್ತದೆ.

ನಿಜವಾದ ಬಲೆ ಬೇರೆಯೇ ಇದೆ. ಹಿಂದಿನ ಅವಳಿ ಎಂಜಿನ್ ಬೋಟುಗಳಲ್ಲಿ ಎರಡು ಪ್ರೊಪೆಲ್ಲರ್‌ಗಳೂ ಒಂದೇ ಕಡೆಗೆ ಎಳೆಯದಿರಲೆಂದು ಒಂದು ಎಂಜಿನ್ನನ್ನೇ ತಿರುವುಮುರುವಾಗಿ ಸುತ್ತುವಂತೆ ಕಟ್ಟುತ್ತಿದ್ದರು. ಹೊರನೋಟಕ್ಕೆ ಗುರುತೇ ಸಿಗದು. ಕಾರಿಗೆ ಕೂರಿಸಿದರೆ ಮೊದಲ ಗೇರಿನಲ್ಲಿ ಗಾಡಿ ಹಿಂದಕ್ಕೆ ಚಲಿಸುತ್ತದೆ! ಸ್ಟಾರ್ಟರ್ ಬದಲಿಸಿದರೆ ಸರಿಹೋಗುವ ಮಾತಲ್ಲ ಇದು: ಸ್ಪಾರ್ಕ್ ಹಾಯುವ ಸರದಿ, ಆಯಿಲ್ ಸೀಲಿನ ಓರೆಗೆರೆಗಳು, ಪಿಸ್ಟನ್ ಕೂರುವ ದಿಕ್ಕು ಎಲ್ಲವೂ ಆ ತಿರುಗಾಟಕ್ಕೆ ಹೊಂದಿರುತ್ತವೆ. ಹಣ ಕೊಡುವ ಮೊದಲು ಎಂಜಿನ್ನಿನ ಫಲಕ ಓದಿ, ಸಾಧ್ಯವಾದರೆ ಸುತ್ತಿಸಿ ನೋಡಿ. ಹಾಗೆಯೇ ಬ್ಲಾಕಿನ ಪಕ್ಕದಲ್ಲಿ ಉದ್ದನೆಯ ಬಿರುಕು ಇದೆಯೇ ಎಂದು ಬೆರಳಾಡಿಸಿ. ಚಳಿಗಾಲಕ್ಕೆ ಮುಂಚೆ ನೀರು ಬಸಿಯದೆ ಬಿಟ್ಟ ಎಂಜಿನ್ ಮಂಜುಗಟ್ಟಿ ಸೀಳುವುದು ಅಲ್ಲಿಯೇ. ಉಪ್ಪು ಒಳಗಿನಿಂದ ತಿಂದ ಗೋಡೆಯನ್ನಂತೂ ಬಿಚ್ಚದೆ ಕಾಣಲಾಗದು.