ಪದ ಪರಿಚಯ: ಐಷಾರಾಮಿ ಸರಕು

ಅರ್ಥಶಾಸ್ತ್ರದಲ್ಲಿ ಐಷಾರಾಮಿ ಸರಕು ಎಂದರೆ, ವರಮಾನ ಏರಿದ ಪ್ರಮಾಣವನ್ನೂ ಮೀರಿ ಖರ್ಚು ಏರುವ ಸರಕು. ಒಂದು ಮನೆಯ ವರಮಾನ ಶೇಕಡಾ 10ರಷ್ಟು ಹೆಚ್ಚಿತೆಂದು ಇಟ್ಟುಕೊಳ್ಳೋಣ. ಕುಚ್ಚಲಕ್ಕಿಗೆ ಮಾಡುವ ಖರ್ಚು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ, ಏಕೆಂದರೆ ಸಂಬಳದೊಂದಿಗೆ ಹಸಿವು ಬೆಳೆಯುವುದಿಲ್ಲ. ಅಗ್ಗದ ಮೀನಾದ ಬೂತಾಯಿಯ ಖರ್ಚು ಇಳಿದರೂ ಇಳಿಯಬಹುದು, ಏಕೆಂದರೆ ಆ ಮನೆಗೆ ಈಗ ದುಬಾರಿ ಮೀನಾದ ಅಂಜಲ್ ತರುವ ಚೈತನ್ಯ ಬಂದಿರುತ್ತದೆ. ಆಭರಣ, ಕಾರು, ಪ್ರವಾಸ ಮೊದಲಾದವುಗಳ ಖರ್ಚು ಮಾತ್ರ ಶೇಕಡಾ 10ಕ್ಕೆ ನಿಲ್ಲದೆ 15ಕ್ಕೋ 20ಕ್ಕೋ ಹೋಗಬಹುದು. ಅಕ್ಕಿ ಅವಶ್ಯಕ ಸರಕು. ಬೂತಾಯಿ, ಶಾಸ್ತ್ರದ ಮಾತಿನಲ್ಲಿ, ಕೆಳದರ್ಜೆಯ ಸರಕು (ಮಳೆಗಾಲ ಕಳೆದ ಮೇಲೆ ಬರುವ ಕೊಬ್ಬಿದ ಬೂತಾಯಿಯ ರುಚಿ ಬಲ್ಲವರು ಈ ಹೆಸರನ್ನು ಒಪ್ಪಲಾರರು). ಮೂರನೆಯ ಗುಂಪು ಐಷಾರಾಮಿ.

ಈ ವ್ಯಾಖ್ಯೆ ವಸ್ತುವಿನ ಅಂದಚಂದದ ಬಗ್ಗೆಯಾಗಲಿ, ಅದರ ಗುಣಮಟ್ಟದ ಬಗ್ಗೆಯಾಗಲಿ ಏನನ್ನೂ ಹೇಳುವುದಿಲ್ಲ. ಕೊಳ್ಳುವವರ ಸ್ಥಿತಿ ಬದಲಾದಂತೆ ಅದೇ ವಸ್ತು ಒಂದು ಗುಂಪಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಭಾರತದ ಸುಪ್ರೀಂ ಕೋರ್ಟ್ ಕೂಡ ಬೇರೆ ದಾರಿಯಲ್ಲಿ ಇದರ ಸಮೀಪಕ್ಕೇ ಬಂದಿತ್ತು. ಕೆಲವು ರಾಜ್ಯಗಳು ತಂಬಾಕಿನ ಉತ್ಪನ್ನಗಳ ಮೇಲೆ ವಿಲಾಸ ತೆರಿಗೆ ಹಾಕಿದ್ದನ್ನು ಗಾಡ್‌ಫ್ರೆ ಫಿಲಿಪ್ಸ್ ಕಂಪನಿ ಪ್ರಶ್ನಿಸಿದ ಪ್ರಕರಣದಲ್ಲಿ, 2005ರ ಜನವರಿಯಲ್ಲಿ ಬಂದ ತೀರ್ಪು, ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಲಾಸ ಎಂಬ ಮಾತು ಯಾವುದೇ ಸರಕನ್ನು ಸೂಚಿಸುವುದಿಲ್ಲ, ದುಬಾರಿಯಾದ ಅಥವಾ ಸಾಮಾನ್ಯ ಮನುಷ್ಯನ ಅಗತ್ಯವನ್ನು ಮೀರಿದ ಭೋಗದ ಚಟುವಟಿಕೆಯನ್ನು ಸೂಚಿಸುತ್ತದೆ ಎಂದಿತು. ಸಾಮಾನ್ಯ ಮನುಷ್ಯನ ಅಗತ್ಯ ಯಾವುದು ಎಂಬುದು ಕಾಲಕಾಲಕ್ಕೆ ಬದಲಾಗುವುದರಿಂದ ವಿಲಾಸದ ಗಡಿಯೂ ಬದಲಾಗಲೇಬೇಕು.

ಬದಲಾಗಿದೆ ಕೂಡ, ಮತ್ತು ಆ ಬದಲಾವಣೆಯನ್ನು ತೆರಿಗೆಯ ಪಟ್ಟಿಗಳಲ್ಲಿ ಓದಬಹುದು. ಕರ್ನಾಟಕದ 1979ರ ವಿಲಾಸ ತೆರಿಗೆ ಕಾಯ್ದೆಯ ಕಣ್ಣು ಬಿದ್ದದ್ದು ಹೋಟೆಲು, ವಸತಿಗೃಹ ಮತ್ತು ಮದುವೆ ಮಂಟಪಗಳ ಮೇಲೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಈ ತೆರಿಗೆ ಅದರೊಳಗೆ ಸೇರಿಹೋಯಿತು. ಆಗ ಹವಾನಿಯಂತ್ರಕ ಶೇಕಡಾ 28ರ ಅತಿ ಮೇಲಿನ ಹಂತದಲ್ಲಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 18ಕ್ಕೆ ಇಳಿದಿದೆ. ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ಒಂದು ರಾತ್ರಿ ಬೆವರಿದವರಿಗೆ ಇದು ತಡವಾಗಿ ಬಂದ ತಿಳಿವಳಿಕೆ ಎನ್ನಿಸಬಹುದು. ಅದೇ ದಿನ ಶೇಕಡಾ 40ರ ಹೊಸ ಹಂತವೊಂದು ಹುಟ್ಟಿ, ದೊಡ್ಡ ಕಾರುಗಳು, 350 ಸಿಸಿ ಮೀರಿದ ಬೈಕುಗಳು, ವಿಹಾರ ನೌಕೆಗಳು ಅದರೊಳಗೆ ಹೋದವು. ವಿದ್ಯುತ್ ಕಾರಿಗೆ ಮಾತ್ರ, ಅದರ ಬೆಲೆ ಕೋಟಿ ದಾಟಿದರೂ, ಶೇಕಡಾ 5 ಅಷ್ಟೇ. ಆದಾಯ ತೆರಿಗೆ ಇಲಾಖೆಯದು ಇನ್ನೊಂದು ಪಟ್ಟಿ: 2025ರ ಏಪ್ರಿಲ್ 22ರಿಂದ 10 ಲಕ್ಷ ರೂಪಾಯಿ ಮೀರಿದ ಕೈಗಡಿಯಾರ, ಕೈಚೀಲ, ತಂಪು ಕನ್ನಡಕ, ಪಾದರಕ್ಷೆ, ಕಲಾಕೃತಿ, ಓಟದ ಕುದುರೆ ಇತ್ಯಾದಿಗಳನ್ನು ಮಾರುವವರು ಕೊಳ್ಳುವವರಿಂದ ಶೇಕಡಾ 1ರಷ್ಟನ್ನು ಮೂಲದಲ್ಲೇ ಸಂಗ್ರಹಿಸಬೇಕು. ಮದುವೆ ಮಂಟಪದಿಂದ ಹತ್ತು ಲಕ್ಷದ ಕೈಚೀಲಕ್ಕೆ ಬಂದು ನಿಂತ ಈ ಪಟ್ಟಿಗಳು ಸರ್ಕಾರದ ದೃಷ್ಟಿಯನ್ನಷ್ಟೇ ಹೇಳುವುದಿಲ್ಲ, ನಾವು ಏನನ್ನು ಕೊಳ್ಳತೊಡಗಿದ್ದೇವೆ ಎಂಬುದನ್ನೂ ಹೇಳುತ್ತವೆ.

ವರಮಾನದ ಲೆಕ್ಕಾಚಾರ ವಿವರಿಸದೆ ಬಿಟ್ಟದ್ದನ್ನು ಹಿಡಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್. ಶ್ರೀಮಂತರು ಖರ್ಚು ಮಾಡುವುದು ಸುಖಕ್ಕಿಂತ ಹೆಚ್ಚಾಗಿ ಖರ್ಚು ಮಾಡಬಲ್ಲೆವೆಂದು ಇತರರಿಗೆ ತೋರಿಸಲಿಕ್ಕೆ ಎಂದು ಅವರು 1899ರಲ್ಲಿ ಬರೆದರು. ಹೀಗೆ ಮೆರೆಸುವ ಖರ್ಚಿಗೆ ಪ್ರದರ್ಶನದ ಭೋಗ ಎನ್ನಬಹುದು. ಇದರ ತರ್ಕದಲ್ಲಿ ಒಂದು ತಿರುವಿದೆ. ಪ್ರದರ್ಶನ ನಂಬಿಕೆಗೆ ಅರ್ಹವಾಗಬೇಕಾದರೆ ಆ ಖರ್ಚಿನಲ್ಲಿ ಉಪಯೋಗವನ್ನು ಮೀರಿದ ಒಂದು ಭಾಗ ಇರಲೇಬೇಕು. ಉಪಯೋಗಕ್ಕಾಗಿಯೇ ಕೊಂಡದ್ದು ಯಾರ ಅಂತಸ್ತನ್ನೂ ಸಾರುವುದಿಲ್ಲ. ಬೆಲೆ ಇಳಿದರೆ ಇಂಥ ವಸ್ತುವಿನ ಆಕರ್ಷಣೆಯೇ ಇಳಿಯುತ್ತದೆ ಎಂಬ ಕಾರಣದಿಂದ, ಬೆಲೆ ಏರಿದಂತೆ ಬೇಡಿಕೆಯೂ ಏರುವ ಸರಕುಗಳಿಗೆ ಮುಂದೆ ಅವರ ಹೆಸರೇ ಅಂಟಿಕೊಂಡಿತು.

ಕರಾವಳಿಯವರಿಗೆ ಇದನ್ನು ಅರ್ಥ ಮಾಡಿಸಲು ಪ್ಯಾರಿಸ್ಸಿನ ಅಂಗಡಿಗೆ ಕರೆದೊಯ್ಯಬೇಕಾಗಿಲ್ಲ, ಕಂಬಳದ ಗದ್ದೆ ಸಾಕು. ಕಂಬಳದ ಕೋಣ ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ. ಅದನ್ನು ಲಕ್ಷಗಟ್ಟಲೆ ಕೊಟ್ಟು ತಂದು, ಹುರುಳಿ ಬೇಯಿಸಿ ಹಾಕಿ, ಎಣ್ಣೆ ಹಚ್ಚಿ ನೀವಿ, ನೋಡಿಕೊಳ್ಳಲು ಜನ ಇಟ್ಟು, ವರ್ಷವಿಡೀ ಸಾಕುವುದು ಚಳಿಗಾಲದ ಕೆಲವು ಓಟಗಳಿಗಾಗಿ. ಗೆದ್ದ ಜೋಡಿಗೆ ಸಾಮಾನ್ಯವಾಗಿ ಸಿಗುವುದು ಎರಡು ಪವನ್, ಅಂದರೆ 16 ಗ್ರಾಂ ಚಿನ್ನ. ಸಾಕಿದ ಖರ್ಚಿನ ಮುಂದೆ ಅದು ಏನೇನೂ ಅಲ್ಲ ಎಂಬುದು ಯಜಮಾನರಿಗೂ ಗೊತ್ತು, ನೋಡುವವರಿಗೂ ಗೊತ್ತು. ಆ ಖರ್ಚಿಗೆ ಪ್ರತಿಫಲವಾಗಿ ಬರುವುದು ಧ್ವನಿವರ್ಧಕದಲ್ಲಿ ಊರಿನ ಮತ್ತು ಮನೆತನದ ಹೆಸರು ಕೇಳಿಸುವುದು. ವೆಬ್ಲೆನ್ ಹೇಳಿದ ಎಲ್ಲ ಲಕ್ಷಣಗಳೂ ಇಲ್ಲಿವೆ, ಒಂದು ವ್ಯತ್ಯಾಸದೊಂದಿಗೆ: ಆ ಹೆಸರಿನಲ್ಲಿ ಕೋಣ ಓಡಿಸುವವನಿಗೂ, ಊರಿಗೂ ಪಾಲಿದೆ. ಆದ್ದರಿಂದ ಭಾರತದ ಗ್ರಾಹಕರು ಹಿಂದೆ ಮಿತವ್ಯಯಿಗಳಾಗಿದ್ದರು, ಉದಾರೀಕರಣದ ನಂತರ ಆಡಂಬರ ಕಲಿತರು ಎಂದು ಹೇಳುವ ರೂಢಿಯ ಕಥೆಯನ್ನು ನಾನು ಒಪ್ಪುವುದಿಲ್ಲ. ಆಡಂಬರ ಹಳೆಯದೇ. ಅದು ಯಾರ ಹೆಸರಿನಲ್ಲಿ ನಡೆಯುತ್ತದೆ, ಅದಕ್ಕೆ ಕೊಳ್ಳುವವರು ಕೊಟ್ಟುಕೊಳ್ಳುವ ಸಮಾಧಾನ ಏನು ಎಂಬುದು ಹೊಸದಾಗಿದೆ.

ಆ ಸಮಾಧಾನದ ಮಾತು ಚಿನ್ನದ ವಿಷಯದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮದುವೆಯಲ್ಲಿ ಮಗಳ ಮೈಮೇಲೆ ಎಷ್ಟು ಪವನ್ ಇತ್ತು ಎಂಬುದನ್ನು ಊಟದ ಪಂಕ್ತಿಯಲ್ಲಿ ಕುಳಿತವರು ಲೆಕ್ಕ ಹಾಕುವುದು ಉಡುಪಿ, ಮಂಗಳೂರಿನಲ್ಲಿ ಯಾರಿಗೂ ಹೊಸದಲ್ಲ. ಇದಕ್ಕಿಂತ ನೇರವಾದ ಪ್ರದರ್ಶನ ಬೇರೆ ಇಲ್ಲ. ಆದರೂ ಚಿನ್ನ ಕೊಂಡವರನ್ನು ಯಾರೂ ದುಂದುಗಾರರೆಂದು ಕರೆಯಲಿಲ್ಲ, ಏಕೆಂದರೆ ಅದು ಆಪದ್ಧನವೂ ಆಗಿತ್ತು. ಮಜೂರಿ ಹೋದರೂ ಲೋಹದ ತೂಕ ಉಳಿಯುತ್ತದೆ. ಮಕ್ಕಳ ಕಾಲೇಜು ಶುಲ್ಕಕ್ಕೆ, ಆಸ್ಪತ್ರೆಯ ಬಿಲ್ಲಿಗೆ, ಅಡಿಕೆ ತೋಟದ ಗೊಬ್ಬರಕ್ಕೆ ಸಹಕಾರಿ ಸಂಘದಲ್ಲಿ ಅಡವಿಟ್ಟರೆ ಅರ್ಧ ಗಂಟೆಯಲ್ಲಿ ಸಾಲ ಸಿಗುತ್ತದೆ. ಹಳೆಯ ತಲೆಮಾರಿನ ಗ್ರಾಹಕರು ಐಷಾರಾಮವನ್ನು ಅಳೆಯುತ್ತಿದ್ದ ಕೋಲು ಇದು: ಕಷ್ಟಕಾಲಕ್ಕೆ ಆದೀತೇ? ಭೂಮಿ ಆದೀತು, ಚಿನ್ನ ಆದೀತು, ಗುತ್ತಿನ ಮನೆಯ (ಊರಿನ ಹಿರಿಯ ಮನೆತನದ ಮನೆಯ) ಹಲಸಿನ ಮರದ ಕಂಬ ಮುಂದಿನ ತಲೆಮಾರಿಗಾದರೂ ಆದೀತು. ಕೊಂಡ ದಿನವೇ ಬೆಲೆ ಕಳೆದುಕೊಳ್ಳುವ ವಸ್ತುವಿಗೆ ದೊಡ್ಡ ಹಣ ಸುರಿಯುವುದು ಮಾತ್ರ ತಪ್ಪೆನಿಸುತ್ತಿತ್ತು.

ಆ ಕೋಲನ್ನು ಮೊದಲು ಅಲುಗಾಡಿಸಿದ್ದು ನಮ್ಮಲ್ಲಿ ಕೊಲ್ಲಿ ದೇಶಗಳ ದುಡಿಮೆ. ಗ್ರಾಹಕ ವಸ್ತುಗಳ ಆಮದಿಗೆ ಬಿಗಿಯಾದ ನಿರ್ಬಂಧವಿದ್ದ 1970 ಮತ್ತು 80ರ ದಶಕಗಳಲ್ಲಿ ದುಬೈ, ಮಸ್ಕತ್, ಕುವೈತಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿದ್ದ ಟೇಪ್ ರೆಕಾರ್ಡರ್, ಸೆಂಟು, ಕೈಗಡಿಯಾರ, ಹಾಲಿನ ಪುಡಿಯ ಡಬ್ಬಿಗಳಿಗೆಲ್ಲ ಸೇರಿ ಇದ್ದ ಹೆಸರು ಫಾರಿನ್ ಸಾಮಾನು. ಅದರಲ್ಲಿ ಬಹುಪಾಲು ಅಲ್ಲಿ ಸಾಮಾನ್ಯರು ಬಳಸುವ ಅಗ್ಗದ ವಸ್ತುಗಳು. ಇಲ್ಲಿ ಸಿಗುವುದಿಲ್ಲವೆಂಬ ಕಾರಣಕ್ಕಷ್ಟೇ ಅವು ಐಷಾರಾಮಿಯಾದವು. ಅರ್ಥಶಾಸ್ತ್ರಜ್ಞ ಹಾರ್ವೆ ಲೈಬೆನ್‌ಸ್ಟೈನ್ 1950ರಲ್ಲಿ ಇಂಥ ಬೇಡಿಕೆಯನ್ನು ಮೂರಾಗಿ ಬಿಡಿಸಿದ್ದರು: ಎಲ್ಲರಲ್ಲೂ ಇದೆಯೆಂದು ಕೊಳ್ಳುವುದು, ಯಾರಲ್ಲೂ ಇಲ್ಲವೆಂದು ಕೊಳ್ಳುವುದು, ದುಬಾರಿಯೆಂದು ಕೊಳ್ಳುವುದು. ಫಾರಿನ್ ಸಾಮಾನು ಎರಡನೆಯ ಬಗೆಯದು. 2001ರ ಏಪ್ರಿಲ್ 1ರಂದು ಆಮದಿನ ಪ್ರಮಾಣದ ಮೇಲಿದ್ದ ನಿರ್ಬಂಧಗಳ ಕೊನೆಯ ಕಂತು ಹೋದ ಮೇಲೆ ಅದರ ಮಹಿಮೆ ಕರಗಿತು, ಮತ್ತು ಮೂರನೆಯ ಬಗೆಗೆ ದಾರಿ ತೆರೆಯಿತು. ದುಬಾರಿ ಕೈಚೀಲಗಳಿಗೆ ಹೆಸರಾದ ಫ್ರಾನ್ಸಿನ ಲೂಯಿ ವಿಟಾನ್ ಕಂಪನಿ 2003ರಲ್ಲಿ ದೆಹಲಿಯಲ್ಲಿ ತನ್ನ ಮೊದಲ ಭಾರತೀಯ ಮಳಿಗೆ ತೆರೆಯಿತು. 2006ರಲ್ಲಿ ಒಂದೇ ಬ್ರ್ಯಾಂಡ್ ಮಾರುವ ಮಳಿಗೆಗಳಿಗೆ ಶೇಕಡಾ 51ರ ವಿದೇಶಿ ಹೂಡಿಕೆಗೆ, 2012ರಲ್ಲಿ ಪೂರ್ಣ ಹೂಡಿಕೆಗೆ ಅನುಮತಿ ಬಂತು. ಬೆಂಗಳೂರಿನಲ್ಲಿ ಯುಬಿ ಸಿಟಿ ಎಂಬ ಐಷಾರಾಮಿ ಮಳಿಗೆಗಳ ಸಮುಚ್ಚಯ ಎದ್ದಿತು. ಮಂಗಳೂರಿನಲ್ಲೇ ಈಗ ಜರ್ಮನ್ ಕಾರುಗಳ ಮಳಿಗೆಗಳಿವೆ.

ಸರಕು ಬಂದ ಮಾತ್ರಕ್ಕೆ ಮನೋಭಾವ ಬದಲಾಗುವುದಿಲ್ಲ. ಅದಕ್ಕೆ ಹಣ ಕೊಡುವ ಕ್ರಮವೂ ಬದಲಾಗಬೇಕು. ಈ ವಿಷಯದಲ್ಲಿ ನಮ್ಮ ಜಿಲ್ಲೆಗಳ ಇತಿಹಾಸಕ್ಕೆ ವಿಶೇಷ ಅರ್ಥವಿದೆ. ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು 1906ರಿಂದ 1931ರೊಳಗೆ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಕಟ್ಟಬಹುದಿತ್ತು. ಸಂಗ್ರಾಹಕರು ಅಂಗಡಿಯಿಂದ ಅಂಗಡಿಗೆ, ಮನೆಯಿಂದ ಮನೆಗೆ ನಡೆದು ಬರುತ್ತಿದ್ದರು. ಪಿಗ್ಮಿ ತುಂಬಿದ ಮೇಲೆ ಬಳೆ, ಪಿಗ್ಮಿ ತುಂಬಿದ ಮೇಲೆ ಹೊಲಿಗೆ ಯಂತ್ರ: ಆಸೆಗೂ ವಸ್ತುವಿಗೂ ನಡುವೆ ಒಂದು ಅವಧಿ ಇರುತ್ತಿತ್ತು. ಇಎಂಐ ಆ ಕ್ರಮವನ್ನು ತಲೆಕೆಳಗು ಮಾಡಿತು. ವಸ್ತು ಮೊದಲು ಬರುತ್ತದೆ, ಕಂತು ಆಮೇಲೆ ಹೋಗುತ್ತದೆ. ಕಟ್ಟುವ ಮೊತ್ತ ಎರಡರಲ್ಲೂ ಚಿಕ್ಕ ಚಿಕ್ಕದೇ, ಆದರೆ ಪಿಗ್ಮಿ ಕಟ್ಟುವವರು ಮಧ್ಯದಲ್ಲಿ ಮನಸ್ಸು ಬದಲಾಯಿಸಬಹುದಿತ್ತು. ಲಕ್ಷದ ಮೊಬೈಲನ್ನು ತಿಂಗಳಿಗೆ ಕೆಲವು ಸಾವಿರದ ಲೆಕ್ಕದಲ್ಲಿ ಕಾಣುವ ಗ್ರಾಹಕರಿಗೆ ಅದು ಐಷಾರಾಮ ಎಂದೇ ಅನಿಸುವುದಿಲ್ಲ. ಎಟುಕುವ ಐಷಾರಾಮ ಎಂದು ಮಾರುಕಟ್ಟೆಯವರು ಕರೆಯುವ ವರ್ಗ ಬೆಳೆದಿರುವುದು ಹೆಚ್ಚಾಗಿ ಈ ನೆಲದಲ್ಲಿ.

ಇನ್ನೊಂದು ಬದಲಾವಣೆ ಯಜಮಾನಿಕೆಯದು. ಕೋಣ ಮನೆತನದ್ದು, ಚಿನ್ನ ಮಗಳಿಗೆ ಕೊಟ್ಟದ್ದಾದರೂ ಎರಡು ಮನೆಗಳ ಮಾತುಕತೆಗೆ ಸೇರಿದ್ದು. ಇಪ್ಪತ್ತೆಂಟರ ಹುಡುಗಿ ತನ್ನ ಸಂಬಳದಲ್ಲಿ ಕೊಂಡ ಕೈಚೀಲ ಅವಳೊಬ್ಬಳದು. ನಾನು ದುಡಿದೆ, ನನಗೆ ನಾನೇ ಕೊಟ್ಟುಕೊಂಡೆ ಎಂಬ ಸಮರ್ಥನೆಯನ್ನು ಈಗ ಸಲೀಸಾಗಿ ಹೇಳಬಹುದು, ಮತ್ತು ಆ ಮಾತು ಹೆಣ್ಣುಮಕ್ಕಳ ಬಾಯಲ್ಲಿ ಬರುವಾಗ ಅದನ್ನು ಬರಿಯ ಭೋಗವೆಂದು ತಳ್ಳಿಹಾಕುವುದು ಸರಿಯಲ್ಲ. ಗಂಡನ ಅಂತಸ್ತನ್ನು ಹೆಂಡತಿಯ ಉಡುಗೆ ಹೊತ್ತು ತಿರುಗುತ್ತದೆ ಎಂದು ವೆಬ್ಲೆನ್ ಬರೆದಿದ್ದ ಸ್ಥಿತಿಯಿಂದ ಇದು ಬಹಳ ದೂರ ಬಂದಿದೆ. ಮದುವೆಗಳಲ್ಲಿ ಮಾತ್ರ ಹಳೆಯದೂ ಹೊಸದೂ ಕೂಡಿಕೊಂಡಿವೆ: ಪವನ್‌ಗಳ ಲೆಕ್ಕವೂ ತಪ್ಪಿಲ್ಲ, ಮನೆಯಂಗಳದಲ್ಲಿ ಮುಗಿಯುತ್ತಿದ್ದ ಮದರಂಗಿಯೂ ರೋಸ್ ಸಮಾರಂಭವೂ (ಕರಾವಳಿಯ ಕ್ರೈಸ್ತರಲ್ಲಿ ಮದುವೆಗೆ ಮುನ್ನ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಸಭಾಂಗಣ, ಬೆಳಕು, ಡ್ರೋನ್ ಕ್ಯಾಮೆರಾಗಳ ಕಾರ್ಯಕ್ರಮಗಳಾಗಿವೆ.

ಹೆಸರಿನ ಮುದ್ರೆ ದೊಡ್ಡದಾಗಿ ಕಾಣಬೇಕೆಂಬ ಹಂಬಲ ಕೆಲವರಲ್ಲಿ ಇಳಿದು, ಬಲ್ಲವರಿಗಷ್ಟೇ ತಿಳಿಯುವ ಗುಣದ ಕಡೆಗೆ ಗಮನ ಹೊರಳಿರುವುದನ್ನೂ ಇಲ್ಲಿ ಹೇಳಬೇಕು. ಭೌಗೋಳಿಕ ಸೂಚಿಕೆ (ಊರಿನ ಹೆಸರನ್ನು ಅಲ್ಲಿಯದೇ ಉತ್ಪನ್ನಕ್ಕೆ ಮೀಸಲಿಡುವ ಜಿಐ ಮಾನ್ಯತೆ) ಪಡೆದ ಉಡುಪಿ ಸೀರೆ ಇದಕ್ಕೆ ಹತ್ತಿರದ ಉದಾಹರಣೆ. ಹತ್ತಿಯ ಈ ಕೈಮಗ್ಗದ ಸೀರೆ ಒಂದು ಕಾಲಕ್ಕೆ ಕೆಲಸದ ಹೆಂಗಸರ ದಿನದ ಉಡುಗೆ. ನೇಕಾರರು ಬೆರಳೆಣಿಕೆಗೆ ಇಳಿದ ಮೇಲೆ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘ ಮತ್ತು ಕಾರ್ಕಳದ ಕದಿಕೆ ಟ್ರಸ್ಟಿನ ಪ್ರಯತ್ನದಿಂದ ಮಗ್ಗಗಳು ಮತ್ತೆ ಆಡತೊಡಗಿದಾಗ, ಅದನ್ನು ಹುಡುಕಿಕೊಂಡು ಬಂದವರಲ್ಲಿ ದೊಡ್ಡ ಊರುಗಳ ಗ್ರಾಹಕರೂ ಇದ್ದರು. ಅವಶ್ಯಕ ಸರಕೊಂದು ತನ್ನ ನೂಲು ಬದಲಾಯಿಸದೆಯೇ ಐಷಾರಾಮದ ಅಂಚಿಗೆ ಬಂದು ನಿಂತಿತು. 2025ರ ಜೂನಿನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಕೊಲ್ಹಾಪುರಿಯನ್ನು ಹೋಲುವ ಚಪ್ಪಲಿಗಳನ್ನು ಮೂಲ ಹೇಳದೆ ತೋರಿಸಿದಾಗ ಭಾರತದಲ್ಲಿ ಎದ್ದ ಸಿಟ್ಟಿನ ಹಿಂದೆಯೂ ಈ ಅರಿವಿತ್ತು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಇವೆ. ವಿದೇಶದ ಮುದ್ರೆ ಬಿದ್ದ ಮಾತ್ರಕ್ಕೆ ತಲೆಬಾಗುತ್ತಿದ್ದ ಫಾರಿನ್ ಸಾಮಾನಿನ ಕಾಲದಲ್ಲಿ ಇಂಥ ಪ್ರಶ್ನೆ ಏಳುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಹಾಗೆಂದು ಹಳೆಯ ಅಳತೆಗೋಲು ಮೂಲೆಗೆ ಬಿದ್ದಿಲ್ಲ. ಕಾರು ಕೊಳ್ಳುವಾಗ ಐದು ವರ್ಷದ ಮೇಲೆ ಮಾರಿದರೆ ಎಷ್ಟು ಬಂದೀತೆಂದು ಕೇಳುವುದು, ದುಬಾರಿ ಮೊಬೈಲನ್ನು ವಿನಿಮಯದ ಬೆಲೆ ಚೆನ್ನಾಗಿದೆಯೆಂದು ಸಮರ್ಥಿಸುವುದು, ರೋಲೆಕ್ಸ್ ಕೈಗಡಿಯಾರದ ಕೆಲವು ಮಾದರಿಗಳು ಬಳಸಿದ ಮೇಲೂ ಮೂಲ ಬೆಲೆ ಮೀರಿ ಮಾರಾಟವಾಗುತ್ತವೆಂದು ಲೆಕ್ಕ ಒಪ್ಪಿಸುವುದು, ಇವೆಲ್ಲ ಚಿನ್ನದಂಗಡಿಯಲ್ಲಿ ಕಲಿತ ಮಾತುಗಳೇ. ಹಾಂಗ್‌ಕಾಂಗಿನಲ್ಲಿ ಹೆಸರಾಂತ ಕಂಪನಿಗಳ ಕೈಚೀಲಗಳನ್ನು ಒತ್ತೆ ಇಟ್ಟುಕೊಂಡು ಸಾಲ ಕೊಡುವ ಸಂಸ್ಥೆಗಳಿವೆ; ನಮ್ಮ ಸಹಕಾರಿ ಸಂಘಗಳ ತಿಜೋರಿಯಲ್ಲಿ ಆ ಜಾಗ ಸದ್ಯಕ್ಕೆ ಚಿನ್ನದ್ದೇ.