ಓದುತ್ತಿದ್ದ ಸಾಲು ಎಲ್ಲಿಗೆ ಜಾರಿತು?

ಪ್ರಶ್ನೆ: “ಸರ, ನಮ್ಮ ಹೊಲ ಆಲಮಟ್ಟಿ ಹಿನ್ನೀರಿನ ದಂಡ್ಯಾಗ ಐತ್ರಿ. ಮಳಿಗಾಲದಾಗ ದಿನಾ ಮುಂಜಾನೆ ಪೇಪರಿನ ವೆಬ್‌ಸೈಟ್ ತಗದು, ಡ್ಯಾಮಿಗೆ ನೀರು ಎಷ್ಟು ಬಂತು, ಎಷ್ಟು ಬಿಟ್ರು ಅಂತ ನೋಡ್ತೀನಿ. ಎರಡು ಸಾಲು ಓದೂದ್ರಾಗ ಸುದ್ದಿ ಕೆಳಗ ಜಾರತೈತಿ, ಬೆರಳು ಇಟ್ಟ ಕಡೆ ಯಾವುದೋ ಜಾಹೀರಾತು ತೆರೀತೈತಿ. ಹೋದ ವರ್ಷ ವೆಬ್‌ಸೈಟ್ ಹೊಸಾದು ಮಾಡೇವಿ ಅಂತ ಅವರ ಹಾಕ್ಕೊಂಡಿದ್ರು. ಬಣ್ಣ ಬದಲಾತು, ಜಾರೂದು ನಿಲ್ಲಲಿಲ್ಲ. ಇದು ನನ್ನ ಫೋನಿನ ತಪ್ಪೋ, ಅವರ ತಪ್ಪೋ?”
— ಬಾಗಲಕೋಟೆ ಕಡೆಯ ಓದುಗರೊಬ್ಬರು

ಉತ್ತರ: ನಿಮ್ಮ ಫೋನಿನ ತಪ್ಪಲ್ಲ. ಜಾಹೀರಾತಿಗೆ ಮೊದಲೇ ಜಾಗ ಹಿಡಿದಿಡದೆ ಪುಟ ಕಟ್ಟಿದ್ದಾರೆ, ಅಷ್ಟೇ. ಅಚ್ಚಿನ ಪತ್ರಿಕೆಯಲ್ಲಿ ಯಾವತ್ತೂ ಮಾಡದ ಈ ತಪ್ಪನ್ನು ಅದೇ ಪತ್ರಿಕೆಯವರು ವೆಬ್‌ಸೈಟಿನಲ್ಲಿ ದಿನಾ ಮಾಡುತ್ತಾರಲ್ಲ, ಅದೇ ನನಗೆ ಸೋಜಿಗ.

ಈಗ ನಾನು ಬೆಳಗಾವಿಯಲ್ಲಿ ಕೂತು ವೆಬ್‌ಸೈಟ್ ಕೆಲಸ ಮಾಡುತ್ತೇನೆ. ಅದಕ್ಕೂ ಮುಂಚೆ ವಿಜಯಪುರದ ಒಂದು ಸಣ್ಣ ದಿನಪತ್ರಿಕೆಯಲ್ಲಿ ರಾತ್ರಿ ಪಾಳಿಯಲ್ಲಿ ಪೇಜ್ ಕಟ್ಟುತ್ತಿದ್ದೆ. ಪೇಜ್‌ಮೇಕರ್ ತಂತ್ರಾಂಶ, ಕನ್ನಡದ ನುಡಿ ಫಾಂಟು, ಪಕ್ಕದಲ್ಲಿ ಆರಿದ ಚಹಾ. ಸಂಜೆ ಏಳರ ಹೊತ್ತಿಗೆ ಜಾಹೀರಾತು ವಿಭಾಗದಿಂದ ಡಮ್ಮಿ ಬರುತ್ತಿತ್ತು. ಡಮ್ಮಿ ಅಂದರೆ ನಾಳಿನ ಪುಟದ ನಕ್ಷೆ. 8 ಕಾಲಂ ಗೆರೆ ಎಳೆದ ಹಾಳೆ. ಅದರಲ್ಲಿ ಮೊದಲು ಕೂರುವುದು ಜಾಹೀರಾತು. ಕೆಂಪು ಪೆನ್ನಿನಲ್ಲಿ ಪೆಟ್ಟಿಗೆ ಎಳೆದು ಒಳಗೆ ಬರೆದಿರುತ್ತಿದ್ದರು: ಪುಣ್ಯಸ್ಮರಣೆ, 2 ಕಾಲಂ, 10 ಸೆಂಟಿಮೀಟರ್. ಸೀರೆ ಅಂಗಡಿ, 4 ಕಾಲಂ, 20 ಸೆಂಟಿಮೀಟರ್. ಉಳಿದ ಜಾಗ ಸುದ್ದಿಗೆ.

ಪುಣ್ಯಸ್ಮರಣೆಯ ಫೋಟೊ ರಾತ್ರಿ ಹನ್ನೊಂದಾದರೂ ಬರದೇ ಇರಬಹುದು. ಆದರೂ ಆ ಪೆಟ್ಟಿಗೆ ಖಾಲಿಯೇ ಇರುತ್ತಿತ್ತು. ಸುದ್ದಿ ಒಂದು ಕೂದಲೆಳೆಯಷ್ಟೂ ಆ ಕಡೆ ಸರಿಯುತ್ತಿರಲಿಲ್ಲ. ಫೋಟೊ ಬಂತು, ಇಟ್ಟೆವು, ಪುಟ ಪ್ರೆಸ್ಸಿಗೆ ಹೋಯಿತು.

ವೆಬ್‌ಸೈಟಿನಲ್ಲಿ ಏನಾಗುತ್ತದೆ ನೋಡಿ. ಸುದ್ದಿಯ ಅಕ್ಷರ ಹಗುರ, ಅದು ಮೊದಲು ಬರುತ್ತದೆ. ಬ್ರೌಸರ್ ಅದನ್ನು ತಕ್ಷಣ ತೋರಿಸುತ್ತದೆ, ನೀವು ಓದಲು ಶುರು ಮಾಡುತ್ತೀರಿ. ಜಾಹೀರಾತು ಬರಬೇಕಾಗಿರುವುದು ಪತ್ರಿಕೆಯ ಸರ್ವರಿನಿಂದಲ್ಲ, ಬೇರೆ ಎಲ್ಲಿಂದಲೋ. ಅಲ್ಲಿ ನಿಮ್ಮ ಪರದೆಯ ಆ ಜಾಗಕ್ಕೆ ಅದೇ ಕ್ಷಣ ಹರಾಜು ನಡೆಯುತ್ತದೆ. ಯಾರೋ ಗೆಲ್ಲುತ್ತಾರೆ, ಅವರ ಚಿತ್ರ ಹೊರಡುತ್ತದೆ. ಅಷ್ಟರಲ್ಲಿ ನೀವು ಮೂರನೇ ಸಾಲಿನಲ್ಲಿದ್ದೀರಿ. ಚಿತ್ರ ಬಂದು ನಡುವೆ ನುಗ್ಗಿ ಕೂರುತ್ತದೆ, ಸುದ್ದಿ ಕೆಳಗೆ ಹೋಗುತ್ತದೆ. ತುಂಬಿದ ಬಸ್ಸಿನಲ್ಲಿ “ಸ್ವಲ್ಪ ಸರೀರಿ” ಅಂತ ಕೂತವರನ್ನು ಒತ್ತಿ ಕೂರುತ್ತಾರಲ್ಲ, ಹಾಗೆ.

ಪರಿಹಾರ ಡಮ್ಮಿಯೇ. ಮೊಬೈಲಿನಲ್ಲಿ ಸುದ್ದಿಯ ನಡುವೆ ಬರುವ ಜಾಹೀರಾತಿನ ಸಾಮಾನ್ಯ ಅಳತೆ 300×250 ಪಿಕ್ಸೆಲ್. ಆ ಜಾಗದಲ್ಲಿ ಕನಿಷ್ಠ 250 ಪಿಕ್ಸೆಲ್ ಎತ್ತರದ ಖಾಲಿ ಪೆಟ್ಟಿಗೆ ಇರಲಿ ಅಂತ, ಪುಟದ ಅಂದ, ಅಳತೆ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಜಾಹೀರಾತು ಯಾವಾಗ ಬೇಕಾದರೂ ಬರಲಿ. ಫೋಟೊಗೂ ಇದೇ ಮಾತು. ಪುಟದ ಒಡಲನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಫೋಟೊದ ಅಗಲ, ಎತ್ತರ ಎರಡನ್ನೂ ಬರೆದಿದ್ದರೆ ಬ್ರೌಸರ್ ಆ ಲೆಕ್ಕದ ಮೇಲೆ ಮುಂಚೆಯೇ ಜಾಗ ಬಿಡುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2019ರಿಂದ ಹೀಗೆ ಮಾಡುತ್ತಿವೆ. ಅದಕ್ಕೂ ಮುಂಚೆ, ಮೊಬೈಲ್‌ಗೆ ಹೊಂದುವ ವಿನ್ಯಾಸ ಬಂದ ಹೊಸತರಲ್ಲಿ, ಆ ಅಳತೆ ಯಾಕೆ ಬೇಕು ಅಂತ ನಾವೇ ಕಿತ್ತು ಹಾಕಿದ್ದೆವು. ನಾನೂ ಕಿತ್ತಿದ್ದೇನೆ. ತಿರುಗಿ ಬರೆಯೋಕೆ ಯಾರಿಗೂ ನೆನಪಾಗಲಿಲ್ಲ.

ಈ ಜಾರಾಟಕ್ಕೆ ಒಂದು ಅಂಕಿ ಕೂಡ ಇದೆ. ಗೂಗಲ್ 2020ರಲ್ಲಿ ಕೋರ್ ವೆಬ್ ವೈಟಲ್ಸ್ ಅಂತ ಕೆಲವು ಅಳತೆಗಳನ್ನು ತಂದಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಒಂದು. ಪುಟ ಎಷ್ಟು ಜಾರುತ್ತದೆ ಅನ್ನುವುದು ಇನ್ನೊಂದು. 0.1ರೊಳಗಿದ್ದರೆ ಒಳ್ಳೆಯದು, 0.25 ದಾಟಿದರೆ ಕೆಟ್ಟದ್ದು. ಲೆಕ್ಕ ಸುಲಭ. ಪರದೆಯ ಎಷ್ಟು ಭಾಗ ಅಲುಗಾಡಿತು, ಪರದೆಯ ಎತ್ತರಕ್ಕೆ ಹೋಲಿಸಿದರೆ ಎಷ್ಟು ದೂರ ಹೋಯಿತು, ಎರಡನ್ನೂ ಗುಣಿಸಬೇಕು. ನಿಮ್ಮ ಪರದೆ 750 ಪಿಕ್ಸೆಲ್ ಎತ್ತರ ಇದೆ ಅಂದುಕೊಳ್ಳಿ. ಮೇಲ್ಗಡೆ 250 ಪಿಕ್ಸೆಲ್ ಜಾಹೀರಾತು ಬಂದು ಇಡೀ ಸುದ್ದಿಯನ್ನು ದೂಡಿತು. ಪೂರ್ತಿ ಪರದೆ ಅಲುಗಾಡಿದ್ದಕ್ಕೆ 1, ಹೋದ ದೂರಕ್ಕೆ ಮೂರನೇ ಒಂದು ಭಾಗ. ಗುಣಿಸಿದರೆ 0.33. ಒಂದೇ ಜಾಹೀರಾತಿಗೆ ಪುಟ ಫೇಲ್.

ಇನ್ನು ನಿಮ್ಮ ಎರಡನೇ ಮಾತು: ಹೊಸಾದು ಮಾಡಿದರೂ ಯಾಕೆ ಸರಿಹೋಗಲಿಲ್ಲ? ಇದಕ್ಕೆ ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಪೇಜ್ ಕಟ್ಟುವ ಕೆಲಸ ಬಿಟ್ಟು ವೆಬ್‌ಸೈಟಿಗೆ ಬಂದ ಮೊದಲ ವರ್ಷ ಒಂದು ಪತ್ರಿಕೆಯ ಮಾಲೀಕರು ಕರೆದು, “ನಮ್ಮ ಪೇಪರ್ ಇದ್ದಂಗ ಕಾಣಬೇಕ್ ನೋಡ್ರಿ” ಅಂದರು. ನನಗೂ ಅದೇ ಬೇಕಿತ್ತು. ಎಚ್‌ಟಿಎಂಎಲ್ ಟೇಬಲ್, ಅಂದರೆ ಕೋಷ್ಟಕ ಹಾಕಿ, ಅದರೊಳಗೆ ಇನ್ನೊಂದು ಟೇಬಲ್ ಹಾಕಿ, ಮುಖಪುಟದಲ್ಲಿ ಕಾಲಂ ಕಾಲಂ ಸುದ್ದಿ ಕೂರಿಸಿದೆ. ಆಫೀಸಿನ ದೊಡ್ಡ ಪರದೆಯಲ್ಲಿ ಭಾರಿ ಚಂದ ಕಾಣುತ್ತಿತ್ತು. ಒಂದು ದಿನ ಬಾಗಲಕೋಟೆ ಬಸ್ ನಿಲ್ದಾಣದಲ್ಲಿ ಕಾಯುತ್ತಾ ನನ್ನದೇ ಫೋನಿನಲ್ಲಿ ತೆರೆದೆ. ಇಡೀ ಪುಟ ಅಂಗೈಯಗಲಕ್ಕೆ ಕುಗ್ಗಿ, ಅಕ್ಷರಗಳು ಸಾಸಿವೆ ಚೆಲ್ಲಿದ ಹಾಗಿದ್ದವು. ಎರಡು ಬೆರಳಿನಿಂದ ಹಿಗ್ಗಿಸಿದರೆ ಸಾಲಿನ ತುದಿ ಕಾಣುವುದಿಲ್ಲ. ತುದಿಗೆ ಹೋದರೆ ಮುಂದಿನ ಸಾಲಿನ ಮೊದಲು ಕಾಣುವುದಿಲ್ಲ.

ಹಳೆಯ ಪುಟ ಸಿಕ್ಕರೆ ಫೋನಿನ ಬ್ರೌಸರ್ ಅದನ್ನು ಸುಮಾರು 980 ಪಿಕ್ಸೆಲ್ ಅಗಲದ್ದು ಅಂತ ಎಣಿಸಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. “ಈ ಪುಟ ಫೋನಿನ ಅಗಲಕ್ಕೇ ಹೊಂದುತ್ತದೆ” ಅಂತ ತಿಳಿಸುವ ವ್ಯೂಪೋರ್ಟ್ ಅನ್ನುವ ಒಂದು ಸಾಲು ಪುಟದ ತಲೆಯಲ್ಲಿ ಇರಬೇಕು. ನಾನು ಬರೆದಿರಲಿಲ್ಲ. ಬರೆದಿದ್ದರೂ ಆ ಟೇಬಲ್‌ಗಳು ಬಗ್ಗುತ್ತಿರಲಿಲ್ಲ ಬಿಡಿ.

ದಾರಿ ಇರಲಿಲ್ಲ ಅಂತಲ್ಲ. ಸಿಎಸ್‌ಎಸ್ 1996ರಲ್ಲೇ ಬಂದಿತ್ತು. ಒಂದೇ ಪುಟ ದೊಡ್ಡ ಪರದೆಗೂ ಸಣ್ಣ ಪರದೆಗೂ ತಾನೇ ಹೊಂದಿಕೊಳ್ಳುವ ವಿಧಾನಕ್ಕೆ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ ರೆಸ್ಪಾನ್ಸಿವ್ ವೆಬ್ ಡಿಸೈನ್ ಅಂತ ಹೆಸರಿಟ್ಟರು. ಮರುವರ್ಷವೇ ಅಮೆರಿಕದ ಬಾಸ್ಟನ್ ಗ್ಲೋಬ್ ಪತ್ರಿಕೆ ತನ್ನ ವೆಬ್‌ಸೈಟನ್ನು ಹಾಗೆ ಕಟ್ಟಿ ತೋರಿಸಿತು. 2017ರಲ್ಲಿ ಸಿಎಸ್‌ಎಸ್ ಗ್ರಿಡ್ ಮುಖ್ಯ ಬ್ರೌಸರ್‌ಗಳಿಗೆಲ್ಲ ಬಂದ ಮೇಲಂತೂ ಕಾಲಂ ಕಟ್ಟೋಕೆ ಟೇಬಲ್ ಬೇಕೇ ಇಲ್ಲ. ದೊಡ್ಡ ಪರದೆಯಲ್ಲಿ ನಾಲ್ಕು ಕಾಲಂ, ಫೋನಿನಲ್ಲಿ ಒಂದೇ.

ತಮಾಷೆ ಏನು ಗೊತ್ತಾ? ಪುಟ ಕಟ್ಟೋಕೆ ಬಳಸಬಾರದ ಟೇಬಲ್ ನಿಜವಾಗಿ ಬೇಕಾಗಿರುವುದು ನಿಮ್ಮ ಡ್ಯಾಮಿನ ಸುದ್ದಿಗೆ. ಗರಿಷ್ಠ ಮಟ್ಟ 519.60 ಮೀಟರ್, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಇದು ಅಪ್ಪಟ ಟೇಬಲ್. ಅದನ್ನೇ ಫೋಟೊ ಮಾಡಿ ಹಾಕುತ್ತಾರೆ! ಹಿಗ್ಗಿಸಿದರೆ ಅಂಕಿ ಮಸುಕು. ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಅಲ್ಲಿ ಅಂಕಿ ಇದೆ ಅನ್ನುವುದೇ ತಿಳಿಯುವುದಿಲ್ಲ.

ಹೊಸ ವಿನ್ಯಾಸ ಅಂದಾಗ ದುಡ್ಡೆಲ್ಲ ಮುಖಪುಟಕ್ಕೆ ಹೋಗುವುದು ಇನ್ನೊಂದು ಕಾಯಿಲೆ. ಮಾಲೀಕರು ನೋಡುವುದು ಮುಖಪುಟ. ಓದುಗರಿಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಲಿಂಕ್ ಬರುತ್ತದೆ, ಅವರು ಸೀದಾ ಸುದ್ದಿಯ ಒಳಪುಟಕ್ಕೆ ಬೀಳುತ್ತಾರೆ. ಅಲ್ಲಿ ಅದೇ ಹಳೇ ಗೋಳು. ಯಾರಾದರೂ ನನ್ನನ್ನು ಕೇಳಿದರೆ ಒಳಪುಟದಿಂದಲೇ ಶುರು ಮಾಡಿ ಅನ್ನುತ್ತೇನೆ. ತುಂಬಾ ಸಲ ಅಲ್ಲಿಗೆ ಮೀಟಿಂಗ್ ಮುಗಿಯುತ್ತದೆ, ಅದು ಬೇರೆ ವಿಷಯ.

ಒಳಪುಟ ಸರಿ ಮಾಡುವಾಗ ಕನ್ನಡಕ್ಕೇ ಅಂತ ಕೆಲವು ಸಂಗತಿ ಇವೆ. ಇಂಗ್ಲಿಷ್ ಸೈಟಿನ ಅಚ್ಚನ್ನು ತಂದು ಕನ್ನಡ ಸುರಿದರೆ ಮೊದಲು ಕೆಡುವುದು ಸಾಲಿನ ಅಂತರ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಕೃಷ್ಣೆಯ ಪ್ರವಾಹದ ಸುದ್ದಿಯಲ್ಲಿ ಪದೇ ಪದೇ ಬರುವ “ಮಹಾರಾಷ್ಟ್ರ” ಪದವನ್ನೇ ತಗೊಳ್ಳಿ. ಕೊನೆಯ ಅಕ್ಷರಕ್ಕೆ ಎರಡು ಒತ್ತು. ಅಂತರ ಸಾಲದಿದ್ದರೆ ಆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ತಲೆಬರಹದ ಪೆಟ್ಟಿಗೆ ಬಿಗಿಯಾಗಿದ್ದರೆ ಒತ್ತಿನ ಬುಡವೇ ಕತ್ತರಿಸಿ ಹೋಗುತ್ತದೆ. ಅಕ್ಷರದ ಅಳತೆಯ 1.4 ಪಟ್ಟು ಇಂಗ್ಲಿಷಿಗೆ ನಡೆದೀತು. ಕನ್ನಡಕ್ಕೆ ನಾನು 1.7ಕ್ಕಿಂತ ಕಡಿಮೆ ಇಡುವುದಿಲ್ಲ.

ಅಚ್ಚುಮೊಳೆ ಜೋಡಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಸಾಲಿನ ನಡುವೆ ಸೀಸದ ತೆಳು ಪಟ್ಟಿ ಇಟ್ಟು ಉಸಿರಾಡಲು ಜಾಗ ಮಾಡುತ್ತಿದ್ದರು. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದದ್ದು 1925ರಲ್ಲಿ. ಅಂದರೆ ಸಾಲು ಬಿಡಿಸಿ ಇಡುವ ಕಲೆ ನಮ್ಮೂರಿಗೆ ನೂರು ವರ್ಷ ಹಳೆಯದು!

ಎರಡನೆಯದು, ಸಾಲಿನ ಎರಡೂ ತುದಿ ಸಮ ಮಾಡುವ ಚಟ. ಅಚ್ಚಿನಲ್ಲಿ ಅದು ಚಂದ, ಯಾಕೆಂದರೆ ಪದ ಒಡೆಯಲು, ಅಂತರ ತಿದ್ದಲು ಒಬ್ಬ ಮನುಷ್ಯ ಕೂತಿರುತ್ತಾನೆ. ಫೋನಿನಲ್ಲಿ ಯಾರೂ ಇಲ್ಲ. “ಹಿನ್ನೀರಿನಲ್ಲಿ ಮುಳುಗಡೆಯಾಗಿರುವ ಜಮೀನುಗಳಿಗೆ” ಅನ್ನುವ ಮೂರು ಪದ ಫೋನಿನಲ್ಲಿ ಒಂದು ಸಾಲಿಗೆ ಹಿಡಿಸುವುದೇ ಕಷ್ಟ. ಎರಡು ಪದ ಕೂತು ಮೂರನೆಯದು ಕೆಳಗೆ ಹೋದರೆ, ಉಳಿದ ಎರಡರ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ. ಎಡಗಡೆ ಸಮ ಇರಲಿ, ಬಲಗಡೆ ಹೇಗೆ ಬಂದರೆ ಹಾಗೆ ಬಿಡಿ.

ಫಾಂಟಿನ ವಿಷಯ ಚುಟುಕಾಗಿ. ಒತ್ತಕ್ಷರ, ಗುಣಿತ ಎಲ್ಲ ಸೇರಿ ಕನ್ನಡ ಫಾಂಟಿನ ಫೈಲು ದೊಡ್ಡದು. ನಾಲ್ಕು ಬಗೆಯ ಫಾಂಟು ಹಾಕಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆವಳುತ್ತದೆ. ಜೊತೆಗೆ, ಮೊದಲು ಫೋನಿನ ಫಾಂಟಿನಲ್ಲಿ ಕಂಡ ಸುದ್ದಿ ಹೊಸ ಫಾಂಟು ಬಂದ ಕೂಡಲೇ ಅಳತೆ ಬದಲಾಗಿ ಮತ್ತೆ ಜಾರುತ್ತದೆ. ಬಹುತೇಕ ಆ್ಯಂಡ್ರಾಯ್ಡ್ ಫೋನಿನಲ್ಲಿ ನೋಟೋ ಕನ್ನಡ ಫಾಂಟು ಹೇಗೂ ಇರುತ್ತದೆ. ಸುದ್ದಿಗೆ ಅದೇ ಸಾಕು, ತಲೆಬರಹಕ್ಕೆ ಬೇಕಾದರೆ ಒಂದು ಚಂದದ ಫಾಂಟು ಹಾಕಲಿ.

ನುಡಿ ಫಾಂಟಿನ ಹಳೆಯ ಕಾಲದಿಂದ ಬಂದ ಒಂದು ತೊಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಆಗ ಅರ್ಕಾವತ್ತನ್ನು ಅಕ್ಷರ ಆದ ಮೇಲೆ, ಕಣ್ಣಿಗೆ ಕಾಣುವ ಜಾಗದಲ್ಲೇ ಇಡುತ್ತಿದ್ದೆವು. ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಮೊದಲು ರ, ಆಮೇಲೆ ಅಕ್ಷರ. ಈ ಬದಲಾವಣೆ ಗೊತ್ತಾಗದವರು ಕನ್ನಡದ ಒಂಬತ್ತನ್ನೇ ಅರ್ಕಾವತ್ತು ಮಾಡಿಕೊಂಡರು. ಕರ್ನಾಟಕ “ಕನಾ೯ಟಕ” ಆಯಿತು. ಥಟ್ಟನೆ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ, ಅಲ್ವಾ? ಆದರೆ ಕಂಪ್ಯೂಟರಿಗೆ ಅದು ಕನಾ, ಒಂಬತ್ತು, ಟಕ. ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿದ್ದೂ ಹೀಗೆಯೇ. ಎಷ್ಟೇ ಹೊಸ ವಿನ್ಯಾಸ ಮಾಡಿದರೂ ಇಂಥ ಹಳೆಯ ಸುದ್ದಿ ಹುಡುಕಿದರೆ ಸಿಗುವುದಿಲ್ಲ. ಸೈಟ್ ಬದಲಿಸುವ ದಿನವೇ ಕೂತು ತಿದ್ದಬೇಕು. ಬೇಸರದ ಕೆಲಸ, ಹಾಗಾಗಿ ಯಾರೂ ಮಾಡುವುದಿಲ್ಲ.

ಬಣ್ಣದ ಬಗ್ಗೆಯೂ ಒಂದು ಮಾತು. ಬಿಳಿಯ ಮೇಲೆ ತೆಳು ಬೂದು ಅಕ್ಷರ ಈಗಿನ ಫ್ಯಾಶನ್. ವೆಬ್ ಮಾನದಂಡದ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕು. ಹೊಲದ ಬದುವಿನ ಮೇಲೆ ನಿಂತು ಬಿಸಿಲಿನಲ್ಲಿ ಓದುವವರಿಗೆ ಅದೂ ಸಾಲದು.

ಅವರು ಸರಿ ಮಾಡುವ ತನಕ ನೀವೇನು ಮಾಡಬಹುದು? ಫೈರ್‌ಫಾಕ್ಸ್, ಸಫಾರಿ ಬ್ರೌಸರಿನಲ್ಲಿ ರೀಡರ್ ಅನ್ನುವ ಸೌಲಭ್ಯ ಇದೆ. ಒತ್ತಿದರೆ ಸುದ್ದಿ ಮಾತ್ರ ಉಳಿಯುತ್ತದೆ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಕೆಲವು ಸೈಟುಗಳಲ್ಲಿ ಆ ಗುರುತು ಕಾಣುವುದೇ ಇಲ್ಲ. ಯಾವುದು ತಲೆಬರಹ, ಯಾವುದು ಸುದ್ದಿ ಅಂತ ಎಚ್‌ಟಿಎಂಎಲ್‌ನಲ್ಲಿ ಸರಿಯಾಗಿ ಹೇಳದೆ ಇದ್ದರೆ ಬ್ರೌಸರ್ ತಾನೇ ಹೇಗೆ ಹುಡುಕೀತು?

ಮತ್ತೆ, ಪತ್ರಿಕೆಗೆ ಬರೆಯಿರಿ. “ನಿಮ್ಮ ಸೈಟ್ ಸರಿಯಿಲ್ಲ” ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಾಲು ಜಾರುವುದನ್ನು ಫೋನಿನಲ್ಲೇ ಸ್ಕ್ರೀನ್ ರೆಕಾರ್ಡ್ ಮಾಡಿ, ಸಂಪಾದಕರ ಜೊತೆಗೆ ಜಾಹೀರಾತು ವಿಭಾಗಕ್ಕೂ ಕಳಿಸಿ. ಡಮ್ಮಿ ಎಳೆದು ಗೊತ್ತಿರುವವರು ಅಲ್ಲಿರುತ್ತಾರೆ. ನಾನು ಒಂದು ಕಡೆ ಹಾಗೆ ಕಳಿಸಿದ್ದೆ. “ಖಾಲಿ ಜಾಗ ಬಿಟ್ರ ಚಂದ ಕಾಣೂದಿಲ್ರಿ” ಅಂತ ಉತ್ತರ ಬಂತು. ಹತ್ತು ದಿನ ಬಿಟ್ಟು ನೋಡಿದರೆ ಸುದ್ದಿಯ ನಡುವೆ ಒಂದು ಪೆಟ್ಟಿಗೆ ಬಂದಿತ್ತು. ಒಳಗೆ ಸಣ್ಣಕ್ಷರದಲ್ಲಿ “ಜಾಹೀರಾತು” ಅಂತ ಬರೆದಿತ್ತು. ಜಾಹೀರಾತು ಇನ್ನೂ ಬಂದಿರಲಿಲ್ಲ.