ಓದುಗರ ಪ್ರಶ್ನೆ: ಪುಣೆಯ ಟೆರೇಸಿನಲ್ಲಿ ಜಾರ್ಜಿಯಾ ಆಸ್ಟರ್ ಬೆಳೆದೀತೇ?

ಬೀಜ ಮೊಳೆಯುತ್ತದೆ, ಆದರೆ ಗಿಡಕ್ಕೆ ಮಳೆಗಾಲ ದಾಟಿಸುವುದೇ ಕಷ್ಟ. ದಸರೆಯ ಹೊತ್ತಿಗೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಬರುವ ಆಸ್ಟರ್ ಬೇರೆ, ಅದು ಒಂದೇ ಹಂಗಾಮಿನ ಚೀನಾ ಆಸ್ಟರ್. ಜಾರ್ಜಿಯಾ ಆಸ್ಟರ್ ಬಹುವಾರ್ಷಿಕ. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ತಪ್ಪಲಿನಲ್ಲಿ, ಅಲಬಾಮಾದಿಂದ ಕ್ಯಾರೊಲಿನಾಗಳವರೆಗೆ ಅಲ್ಲಲ್ಲಿ ಉಳಿದುಕೊಂಡಿರುವ ಅಪರೂಪದ ಕಾಡುಹೂವು. ಹಿಂದೆ ಆಗಾಗ ಬೀಳುತ್ತಿದ್ದ ಬೆಂಕಿ ಅಲ್ಲಿ ಮರಗಳನ್ನು ಹತ್ತಿಕ್ಕಿ ಬಯಲು ಉಳಿಸುತ್ತಿತ್ತು. ಬೆಂಕಿ ತಡೆದ ಮೇಲೆ ನೆರಳು ಕವಿಯಿತು, ಗಿಡ ರಸ್ತೆಯಂಚಿಗೂ ವಿದ್ಯುತ್ ತಂತಿಯ ಕೆಳಗಿನ ಜಾಗಕ್ಕೂ ಸರಿಯಿತು. ಅಂದರೆ ಇದಕ್ಕೆ ಬೇಕಾದದ್ದು ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು, ಸಾರವಿಲ್ಲದ ಮಣ್ಣು.

ಬೀಜಕ್ಕೆ ಮೊದಲು ಚಳಿ ಉಣಿಸಬೇಕು. ಸೆಪ್ಟೆಂಬರಿನಲ್ಲಿ ತೇವದ ಮರಳಿನ ಜತೆ ಜಿಪ್ ಕವರಿಗೆ ಹಾಕಿ, ಫ್ರಿಜ್‌ನ ಕೆಳಗಿನ ಅರೆಯಲ್ಲಿ 8ರಿಂದ 10 ವಾರ ಇಡಿ. ಫ್ರೀಜರ್ ಬೇಡ. ಮರಳನ್ನು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ತೊಟ್ಟಿಕ್ಕಿದರೆ ಬೀಜಕ್ಕೆ ಬೂಸು ಹಿಡಿಯುತ್ತದೆ. ನವೆಂಬರ್ ಕೊನೆಗೆ ಟ್ರೇಯಲ್ಲಿ ಚೆಲ್ಲಿ, ಮೇಲೆ ತೆಳುವಾಗಿ ಮರಳು ಉದುರಿಸಿದರೆ ಸಾಕು.

ಕುಂಡ 12 ಇಂಚಿನ ಮಣ್ಣಿನದ್ದೇ ಇರಲಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು, ಎರೆಗೊಬ್ಬರ ಒಂದೇ ಹಿಡಿ. ಇಷ್ಟು ಬಡ ಮಣ್ಣೇ ಎಂದು ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಗೊಬ್ಬರ ಹೆಚ್ಚಾದರೆ ಕಾಂಡ ಸೊರಗಿ ಉದ್ದವಾಗಿ ಬೆಳೆದು ಬೀಳುತ್ತದೆ. ಸುತ್ತಲಿನ ಕಪ್ಪು ಜೇಡಿಮಣ್ಣನ್ನಂತೂ ಮುಟ್ಟಲೇಬೇಡಿ. ಜುಲೈನ ಮಳೆಯಲ್ಲಿ ಅದು ನೀರು ಹಿಡಿದು, ಬೆಚ್ಚಗಿನ ಕೆಸರಿನಲ್ಲಿ ಬೇರು ಕೊಳೆಯುತ್ತದೆ. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನವೇ ಕಾಂಡವನ್ನು ಅರ್ಧಕ್ಕೆ ಕತ್ತರಿಸಿ, ಕುಂಡವನ್ನು ಪಾರದರ್ಶಕ ಶೀಟಿನ ಕೆಳಗೆ ಸರಿಸಿ. ನೀರು ಬುಡಕ್ಕೆ ಮಾತ್ರ ಹಾಕಿ.

ಒಂದು ಕೊರತೆಯನ್ನು ನಾವು ತುಂಬಲಾರೆವು. ತವರಿನಲ್ಲಿ ಹಿಮ ಬೀಳುವ ಚಳಿಗೆ ಗಿಡ ನೆಲಮಟ್ಟಕ್ಕೆ ಒಣಗಿ ವಿಶ್ರಾಂತಿ ಪಡೆಯುತ್ತದೆ. ಪುಣೆಯ ಚಳಿ ಅಷ್ಟಿಲ್ಲ, ಆದ್ದರಿಂದ ವರ್ಷದಿಂದ ವರ್ಷಕ್ಕೆ ಅದು ಸೊರಗಬಹುದು. ಕುಂಡ ತುಂಬ ಹೂವಷ್ಟೇ ಸಾಕೆನ್ನುವವರಿಗೆ ಪುಣೆಯ ಗಣೇಶಖಿಂಡದ ಕೃಷಿ ಸಂಶೋಧನಾ ಕೇಂದ್ರದ 'ಫುಲೆ ಗಣೇಶ್' ಚೀನಾ ಆಸ್ಟರ್ ತಳಿಗಳೇ ಸರಿ.

ವಿದೇಶದಿಂದ ಬೀಜ ತರಿಸಲು ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕಾಡಿನಿಂದ ಆಯ್ದ ಬೀಜವನ್ನು ಕೊಳ್ಳಬೇಡಿ, ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೇಳಿ. ಹೂ ಬಿಟ್ಟಾಗ ನಡುಭಾಗ ನೋಡಿ: ಸುತ್ತಲ ದಳ ಗಾಢ ನೇರಳೆ, ನಡುವಿನ ಪುಟ್ಟ ಕೊಳವೆಗಳು ಬಿಳಿ, ಆಮೇಲೆ ನೇರಳೆಗೆ ತಿರುಗುತ್ತವೆ. ನಡುಭಾಗ ಹಳದಿಯಾಗಿದ್ದರೆ ನಿಮಗೆ ಬಂದಿರುವುದು ಬೇರೆ ಆಸ್ಟರ್.